ರಾವ್‌ಸಾಹೇಬರನ್ನು ಕೇಳಿ ನಕ್ಕ ನಮ್ಮ ಮಕ್ಕಳು

ಪುಣೆಯ ಕೋಥ್ರೂಡಿನ ಒಂದು ಹೌಸಿಂಗ್ ಸೊಸೈಟಿ. ಗಣೇಶೋತ್ಸವದ ರಾತ್ರಿ, ಆರತಿ ಮುಗಿದು ಮೋದಕ ಹಂಚಿದ ಮೇಲೆ ಮಕ್ಕಳ ಕಾರ್ಯಕ್ರಮ. ಹನ್ನೆರಡು ವರ್ಷದ ಮರಾಠಿ ಹುಡುಗನೊಬ್ಬ ಮೈಕಿನ ಮುಂದೆ ನಿಂತು, ಕೈಯಲ್ಲಿ ಚೀಟಿಯೂ ಇಲ್ಲದೆ, ಮರಾಠಿಯ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರ ‘ರಾವ್‌ಸಾಹೇಬ್’ ಪ್ರಸಂಗವನ್ನು ಏಳೆಂಟು ನಿಮಿಷ ಒಪ್ಪಿಸಿದ. ರಾವ್‌ಸಾಹೇಬರು ಬೆಳಗಾವಿಯವರು, ಅವರ ಮರಾಠಿಯ ತುಂಬ ಕನ್ನಡದ ಎಳೆತ. ಹುಡುಗ ಆ ಎಳೆತವನ್ನೂ ಬಿಡಲಿಲ್ಲ. ಕನ್ನಡದ ಮನೆಗಳಿಂದ ಬಂದ ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಅಜ್ಜನ ಮಾತಿನ ಧಾಟಿಯನ್ನೇ ಮರಾಠಿಯ ದಾರಿಯಲ್ಲಿ ಕೇಳಿ ನಕ್ಕ ಆ ಮಕ್ಕಳಲ್ಲಿ ಒಬ್ಬರಿಗೂ ಕನ್ನಡದ ಒಂದು ನಗೆ ಪ್ರಸಂಗ ಬಾಯಿಗೆ ಬರುವುದಿಲ್ಲ. ಚುಚ್ಚಿದ್ದು ಅದು.

ಪು.ಲ. ಅವರ ಮೇಲೆ ಮುನಿಸಿಲ್ಲ. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು ಅವರು, ಆ ಊರನ್ನೂ ಆ ಜನರನ್ನೂ ಪ್ರೀತಿಯಿಂದಲೇ ಬರೆದರು. ಮುನಿಸು ನಮ್ಮವರ ಮೇಲೆ. “ಈಗಿನ ಮಕ್ಕಳಿಗೆ ಹಳೇ ಹಾಸ್ಯ ಎಲ್ಲಿ ಹಿಡಿಸತ್ತೆ, ರೀಲ್ಸ್ ಇದ್ದರೆ ಸಾಕು” ಎಂದು ಇಲ್ಲಿನ ಕನ್ನಡ ಸಂಘದ ಸಭೆಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಪು.ಲ. ಅವರ ‘ಬಟಾಟ್ಯಾಚಿ ಚಾಳ್’ ಪುಸ್ತಕವಾಗಿ ಬಂದದ್ದು 1958ರಲ್ಲಿ. ವಠಾರದಂಥ ಆ ಚಾಳನ್ನು ಕಣ್ಣಿಂದ ಕಾಣದ ಮಕ್ಕಳು ಇಂದಿಗೂ ಅದನ್ನು ಕೇಳಿ ನಗುತ್ತಾರೆ. ಹಳೆಯದಾಯಿತು ಎನ್ನುವ ಕಾರಣ ಅಲ್ಲಿಗೇ ಬಿದ್ದುಹೋಯಿತು.

ವ್ಯತ್ಯಾಸ ಇರುವುದು ಬಡಿಸುವ ರೀತಿಯಲ್ಲಿ. ಮರಾಠಿ ಮನೆಗಳಲ್ಲಿ ಹಾಸ್ಯ ಮೊದಲು ಕಿವಿಗೆ ಬೀಳುತ್ತದೆ. ಪು.ಲ. ಅವರದೇ ದನಿಯ ಧ್ವನಿಮುದ್ರಣ, ಮೊದಲು ಕ್ಯಾಸೆಟ್ಟಿನಲ್ಲಿ, ಈಗ ಫೋನಿನಲ್ಲಿ. ಅಮ್ಮ ಪೋಳಿ ಲಟ್ಟಿಸುವಾಗ, ಅಪ್ಪ ಇಸ್ತ್ರಿ ಹಾಕುವಾಗ ಅದು ಪಕ್ಕದಲ್ಲಿ ಓಡುತ್ತಿರುತ್ತದೆ. ಯಾರೂ ಮಗುವನ್ನು ಎದುರಿಗೆ ಕೂರಿಸಿ “ಇದನ್ನು ಕೇಳು” ಎನ್ನುವುದಿಲ್ಲ. ಬಸ್ಸಿಗೆ ಎಮ್ಮೆ ಅಡ್ಡ ಬಂದ ಪ್ರಸಂಗವನ್ನು ಇಪ್ಪತ್ತು ಸಲ ಕೇಳಿದ ಮಗುವಿಗೆ, ಎಲ್ಲಿ ಉಸಿರು ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎನ್ನುವುದು ಹೇಳಿಕೊಡದೆಯೇ ಬರುತ್ತದೆ. ಅರ್ಥ ನಿಧಾನಕ್ಕೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ‘ಗಣೇಶನ ಮದುವೆ’ (1990) ಹಾಕಿ ಮಕ್ಕಳನ್ನು ಕರೆಯುತ್ತೇವೆ. ಎರಡು ಗಂಟೆಗೂ ಮೀರಿದ ಚಿತ್ರ. ನಗೆ ಬರುವ ಮೊದಲೇ ಅಪ್ಪ “ಈಗ ನೋಡು, ಈಗ ನೋಡು” ಎನ್ನುತ್ತಾರೆ. ಬಂದಾಗ ತಾವೇ ಮೊದಲು ನಕ್ಕು ಮಗುವಿನ ಮುಖ ನೋಡುತ್ತಾರೆ. ಮಗು ನಗದಿದ್ದರೆ ನಿಲ್ಲಿಸಿ ವಿವರಣೆ ಕೊಡುತ್ತಾರೆ. ನಗೆ ನಿಂತಿರುವುದೇ ಹೊತ್ತಿನ ಮೇಲೆ. ಈ ಮೂರು ಕೆಲಸವೂ ಆ ಹೊತ್ತನ್ನು ಕೆಡಿಸುತ್ತವೆ. ಅರ್ಧ ಗಂಟೆಯಲ್ಲಿ ಮಗು ಫೋನ್ ತೆಗೆಯುತ್ತದೆ, ಅಪ್ಪನಿಗೆ ಬೇಸರ.

ಅದೇ ಚಿತ್ರವನ್ನು ಹೀಗೆ ತೋರಿಸಿ ನೋಡಿ. ಹಿಂದಿನ ದಿನವೇ, ಬೇರೆ ಯಾವುದೋ ಮಾತಿನ ನಡುವೆ, ವಠಾರ ಅಂದರೆ ನಮ್ಮ ಕಡೆಯ ಚಾಳ್ ಎಂದು ಹೇಳಿಬಿಡಿ: ಒಂದೇ ಅಂಗಳ, ಒಬ್ಬನೇ ಮಾಲೀಕ, ಪಕ್ಕದ ಮನೆಯ ಜಗಳ ನಮ್ಮ ಅಡುಗೆಮನೆಗೂ ಕೇಳುತ್ತದೆ. ಪುಣೆಯ ಮಗುವಿಗೆ ಇಷ್ಟು ಸಾಕು. ವಠಾರವೆಂದರೇನೆಂದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗಿಂತ ಬೇಗ ಇದಕ್ಕೆ ಹೊಳೆಯುತ್ತದೆ. ಆಗ ಜನ ಮುಖ ನೋಡದೆ ಕಾಗದ ಬರೆದುಕೊಳ್ಳುತ್ತಿದ್ದರು ಎನ್ನುವುದನ್ನೂ ಮೊದಲೇ ಕಿವಿಗೆ ಹಾಕಿರಬೇಕು. ದಿನಾ ಜಗಳವಾಡುವ ಪಕ್ಕದ ಮನೆಯವಳೂ ಕಾಗದದಲ್ಲಿ ಮನಸೋತ ಗಾಯಕಿಯೂ ಒಬ್ಬಳೇ ಎನ್ನುವುದರ ಮೇಲೆ ಕಥೆ ನಿಂತಿದೆ. “ಪ್ರೊಫೈಲ್ ಫೋಟೊ ನೋಡಬಾರದಿತ್ತಾ” ಎಂದು ಮಗು ನಡುವೆ ಕೇಳಿತೋ, ಮುಗಿಯಿತು. ಆಮೇಲೆ ಹತ್ತು ಹನ್ನೆರಡು ನಿಮಿಷದ ಒಂದೇ ಜಗಳದ ದೃಶ್ಯ ಹಾಕಿ, ಸುಮ್ಮನೆ ಕೂತುಕೊಳ್ಳಿ. ಮುಗಿದ ಮೇಲೂ ಏನೂ ಕೇಳಬೇಡಿ. ಉಳಿದದ್ದನ್ನು ಮಗುವೇ ಕೇಳಿದರೆ ಹಾಕಿ.

ಆದರೂ ಸಿನಿಮಾಕ್ಕಿಂತ ಕಿವಿಯೇ ಮೇಲು, ಕಿವಿಗೆ ಕಾರಿಗಿಂತ ಒಳ್ಳೆಯ ಜಾಗವಿಲ್ಲ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್, ನಡುವೆ ಊಟ ತಿಂಡಿ ಸೇರಿ ಏಳು ಗಂಟೆ ಹಿಡಿಯಿರಿ. ಹಾಸ್ಯದ ಧ್ವನಿಮುದ್ರಣವನ್ನು ಹೊರಟ ತಕ್ಷಣ ಹಾಕಬಾರದು, ಮಕ್ಕಳು ಆಗ ತಮ್ಮ ಹಾಡಿನಲ್ಲಿರುತ್ತಾರೆ. ಖಂಬಾಟ್ಕಿ ಘಾಟಿನ ತಿರುವುಗಳಲ್ಲೂ ಬೇಡ. ಸಾತಾರಾ ದಾಟಿದ ಮೇಲೆ, ದಾರಿ ನೇರವಾಗಿ ಎಲ್ಲರಿಗೂ ಬೇಸರ ಹತ್ತಿದಾಗ, ಒಂದು ತುಣುಕು. ಕೊಲ್ಹಾಪುರದ ಚಹಾ ಆದ ಮೇಲೆ ಅದೇ ತುಣುಕು ಇನ್ನೊಮ್ಮೆ. ನಿಪ್ಪಾಣಿಯ ಹತ್ತಿರ ಬೋರ್ಡುಗಳು ಕನ್ನಡಕ್ಕೆ ತಿರುಗುವ ಹೊತ್ತಿಗೆ ಹಿಂದಿನ ಸೀಟಿನಿಂದ ಒಂದು ವಾಕ್ಯವಾದರೂ ತಿರುಗಿ ಬರುತ್ತದೆ.

ಏನನ್ನು ಹಾಕಬೇಕು ಎನ್ನುವುದರಲ್ಲಿ ನಾವು ಹೆಚ್ಚು ಎಡವುತ್ತೇವೆ. ಮಕ್ಕಳಿಗೆ ಚಿಕ್ಕದಿರಲಿ ಎಂದು ಶ್ಲೇಷೆಯ ಹನಿಗವನಗಳನ್ನು ಓದಿಸುತ್ತೇವೆ. ಶ್ಲೇಷೆಗೆ ಎರಡು ಅರ್ಥವೂ ಮೊದಲೇ ಗೊತ್ತಿರಬೇಕು. ‘ತಾಳಿ’ಯನ್ನೇ ತೆಗೆದುಕೊಳ್ಳಿ. ಸ್ವಲ್ಪ ಸೈರಿಸಿ ಎನ್ನುವ ತಾಳಿ, ಕೊರಳಿನ ತಾಳಿ. ಇಲ್ಲಿನ ಮಗು ಮನೆಯಲ್ಲಿ ಕೇಳುವುದು “ತಡಿ”, ಕೊರಳಿನದು ಅದಕ್ಕೆ ಮಂಗಳಸೂತ್ರ, ತಾಳಿ ಎಂದಾಗ ಕಣ್ಣ ಮುಂದೆ ಬರುವುದು ಊಟದ ಥಾಲಿ. ಎರಡು ಬಾಗಿಲೂ ಮುಚ್ಚಿದ ಮನೆಗೆ ಅದನ್ನು ಕಳಿಸಿದ ಹಾಗೆ.

ಅದರ ಬದಲು, ಹಾಸ್ಯ ಲೇಖಕ ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರಲ್ಲ, ಅದನ್ನು ಹೇಳಿ ನೋಡಿ. ಬಯಾಗ್ರಫಿ ಶಾಲೆಯಲ್ಲಿ ಗೊತ್ತು, ಭಯ ಮನೆಯಲ್ಲೂ ಗೊತ್ತು, ಮರಾಠಿಯಲ್ಲೂ ಗೊತ್ತು. ತಟ್ಟನೆ ನಗುತ್ತಾರೆ. ಕೈಲಾಸಂ (1884–1946) ಇನ್ನೂ ಒಳ್ಳೆಯ ಉದಾಹರಣೆ. ಅವರ ನಾಟಕಗಳ ಕನ್ನಡದಲ್ಲಿ ಇಂಗ್ಲಿಷ್ ಬೆರೆತಿದೆ ಎಂದು ಒಂದು ಕಾಲಕ್ಕೆ ಆಕ್ಷೇಪಿಸಿದರು. ಇಂದು ಹೊರನಾಡಿನ ಮಗುವಿಗೆ ಆ ಇಂಗ್ಲಿಷೇ ಹಿಡಿದು ಹತ್ತುವ ಮೆಟ್ಟಿಲು. ಆದರೆ ಪುಸ್ತಕ ಕೊಟ್ಟು ಓದು ಎನ್ನಬೇಡಿ. ಅವರು ಆಡುಮಾತನ್ನು ಸ್ವರ ನುಂಗಿದ ಹಾಗೆಯೇ ಬರೆದಿದ್ದಾರೆ, ಕಣ್ಣಿಗೆ ಅದು ಕಲ್ಲು ಕಡಿದ ಹಾಗೆ. ದೊಡ್ಡವರು ಎರಡು ಪುಟ ಮೊದಲೇ ಓದಿಕೊಂಡು, ಜೋರಾಗಿ, ಒಂದು ಪಾತ್ರವನ್ನು ತಾವು ಇನ್ನೊಂದನ್ನು ಅಜ್ಜಿಯೋ ಅತ್ತೆಯೋ ಹಂಚಿಕೊಂಡು ಓದಬೇಕು.

ಸೀಮೆಯ ಮಾತೂ ಇದೆ. ಪುಣೆಯಲ್ಲಿ ನೆಲೆಸಿದವರಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಬಹಳ. “ಬಂದೇನ್ರಿ, ಕುಂದರ್ರಿ” ಎನ್ನುವ ಮನೆಯ ಮಗುವಿಗೆ ಹಳೇ ಮೈಸೂರಿನ ಹಾಸ್ಯ ಅರ್ಧ ಪರಭಾಷೆ. ಅಂಥ ಮನೆಗೆ ಗಂಗಾವತಿ ಪ್ರಾಣೇಶರ ಹಾಸ್ಯ ಭಾಷಣ ಸರಿ. ಎರಡು ಗಂಟೆಯದಲ್ಲ, ಊಟದ್ದೋ ಶಾಲೆಯದೋ ಒಂದು ಆರು ನಿಮಿಷ ಆರಿಸಿ, ಅಷ್ಟನ್ನೇ ಮನೆಯ ಗುಂಪಿಗೆ ಕಳಿಸಿ.

ಮಾಸ್ಟರ್ ಹಿರಣ್ಣಯ್ಯನವರನ್ನು (1934–2019) ಮಕ್ಕಳಿಗೆ ದಾಟಿಸುವುದು ಎಲ್ಲಕ್ಕಿಂತ ಕಷ್ಟ. ‘ಲಂಚಾವತಾರ’ ನಾಟಕದ ಜೀವ ಇದ್ದದ್ದು ಅವರು ಕಥೆ ಬಿಟ್ಟು ಮುಂದೆ ಬಂದು ಆವತ್ತಿನ ಮಂತ್ರಿಗಳನ್ನು ಝಾಡಿಸುತ್ತಿದ್ದುದರಲ್ಲಿ. ಮಂತ್ರಿ ಮರೆತುಹೋದರೆ ಆ ಮಾತೂ ಹೋಯಿತು. ಇಂಥದ್ದನ್ನು ನಾವು ನೋಡಿ ನೆನಪಿಟ್ಟುಕೊಂಡರೆ ಸಾಕು, ಮಕ್ಕಳ ಮೇಲೆ ಹೇರುವುದು ಬೇಡ.

ಮಾತೇ ಬೇಡದ್ದೂ ಒಂದಿದೆ. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆಯಲ್ಲಿ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಲಕ್ಷ್ಮಣರ ವ್ಯಂಗ್ಯಚಿತ್ರಗಳ ಕಾಮನ್ ಮ್ಯಾನ್ ಪಾತ್ರದ ಪ್ರತಿಮೆ ಪುಣೆಯ ಸಿಂಬಯೋಸಿಸ್ ಆವರಣದಲ್ಲೇ ನಿಂತಿದೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಈತನನ್ನು ಬರೆದ ಕೈ ಮೊದಲು ಒಂದು ಕನ್ನಡ ನಗೆ ಪತ್ರಿಕೆಗೂ ಬರೆದಿತ್ತು ಎಂದರೆ ಕಣ್ಣರಳಿಸುತ್ತಾರೆ.

ಇನ್ನು ಒಪ್ಪಬೇಕಾದ ಮಾತುಗಳಿವೆ. ನಮ್ಮ ನಗೆ ಸಂಜೆಗಳಲ್ಲಿ ಹೆಂಡತಿಯ ಮೇಲೆ, ಕಪ್ಪು ಮೈಬಣ್ಣದ ಮೇಲೆ, ಉಗ್ಗುವವರ ಮೇಲೆ ಹೇಳುವ ಜೋಕಿಗೆ ಹದಿನೈದರ ಹುಡುಗಿಯರು ನಗುವುದಿಲ್ಲ. ಅದಕ್ಕೆ ಅರ್ಥವಾಗದಿರುವುದು ಕಾರಣವಲ್ಲ. ಪೂರ್ತಿ ಅರ್ಥವಾಗಿಯೇ ಅವರು ನಗುವುದಿಲ್ಲ, ಅವರದೇ ಸರಿ. ಅವರ ಮೂವತ್ತು ಸೆಕೆಂಡಿನ ರೀಲ್ ನಮಗೆ ಹತ್ತದಿದ್ದರೂ ಕಾರಣ ಸುಲಭ: ಯಾವುದನ್ನು ಅಣಕಿಸುತ್ತಿದ್ದಾರೋ ಆ ಮೂಲವನ್ನು ನಾವು ನೋಡಿಲ್ಲ. ಅದನ್ನು ಮೊದಲು ತೋರಿಸು ಎಂದರೆ ಸಂತೋಷದಿಂದ ತೋರಿಸುತ್ತಾರೆ, ಎರಡನೇ ಸಲಕ್ಕೆ ನಗೆ ಬಂದೇ ಬರುತ್ತದೆ. ನಮ್ಮದೊಂದು ಕೇಳಿಸಿದ ದಿನ ಅವರದೊಂದು ನೋಡುವುದು ನ್ಯಾಯ.

ಮರಾಠಿಯವರ ಅನುಕೂಲವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅವರು ತಮ್ಮ ನೆಲದಲ್ಲಿದ್ದಾರೆ. ಮೇಲಾಗಿ ಬರೆದವರೇ ಓದಿದ ಒಂದೇ ದನಿ ಅವರ ಮನೆಮನೆಗೂ ಸಿಕ್ಕಿತು. ನಮ್ಮ ನಗೆ ಧಾರವಾಡ, ಮಂಗಳೂರು, ಮೈಸೂರು ಎಂದು ಹತ್ತು ದನಿಗಳಲ್ಲಿ ಹರಡಿದೆ. ಎಲ್ಲರ ಮನೆಗೂ ಒಗ್ಗುವ ಒಂದೇ ದನಿ ಎಲ್ಲಿಂದ ತರುವುದು?

ಆದರೆ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿ ನಮ್ಮ ಕೈಯಲ್ಲೇ ಇದೆ. ಸ್ವಾಗತ, ಮುಖ್ಯ ಅತಿಥಿಗಳ ಮಾತು, ಸನ್ಮಾನ ಎಲ್ಲ ಮುಗಿದು ಹಾಸ್ಯ ಶುರುವಾಗುವಾಗ ಒಂಬತ್ತು ಗಂಟೆ, ಮಕ್ಕಳು ಹಸಿದು ಬಿಸಿಬೇಳೆಬಾತಿನ ಸಾಲಿನಲ್ಲಿರುತ್ತಾರೆ. ಈ ನವೆಂಬರಿನಲ್ಲಿ ಆರೂವರೆಗೆ, ನಾಡಗೀತೆ ಆದ ಕೂಡಲೇ, ಒಂದು ಮಗುವಿಗೆ ಮೈಕು ಕೊಡಿ. ಎಂಟು ನಿಮಿಷ. ಅಭ್ಯಾಸಕ್ಕೆ ಎರಡು ತಿಂಗಳು ಬೇಕಾಗುತ್ತದೆ, ಗಣೇಶ ಮುಳುಗಿದ ಮರುದಿನವೇ ಶುರುಮಾಡಬೇಕು.