ಆ 777 ಹಾಕಿದ್ದು ನಾನೇ

"ಸರ, ನಮ್ಮ ಸೈಟ್ ತೆಗೆದ್ರ ಜೂಜಿನ ಜಾಹೀರಾತು ಬರಾಕತ್ತಾವಲ್ರೀ!" ಬೆಳಬೆಳಿಗ್ಗೆ ಇಳಕಲ್ಲಿನ ಸೀರೆ ಅಂಗಡಿಯವರ ಫೋನ್. ಇಲ್ಲಿ ಬಾಗಲಕೋಟೆ ನವನಗರದಲ್ಲಿ ಕೂತು ಅವರ ಸರ್ವರ್‌ಗೆ ಲಾಗಿನ್ ಆದೆ. ಅಪ್‌ಲೋಡ್ಸ್ ಫೋಲ್ಡರ್ ತೆಗೆದರೆ, ಸೆರಗಿನ ಫೋಟೊಗಳ ನಡುವೆ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರ್ ಓಡಿಸುವ ಪ್ರೋಗ್ರಾಂ, ಸುಮ್ನೆ ಕೂತಿದೆ. ಫೋಟೊ ಇಡೋ ಜಾಗದಲ್ಲಿ ಅದಕ್ಕೇನು ಕೆಲಸ? ಥೀಮ್ ಫೈಲ್‌ಗಳಿಗೂ ಅದೇ ಕಸ ಹೊಕ್ಕಿತ್ತು.

ಎಲ್ಲದರ ಪರ್ಮಿಶನ್ 777, ಅಂದರೆ ಸರ್ವರ್‌ನಲ್ಲಿ ಯಾರು ಬೇಕಾದರೂ ಓದಬಹುದು, ಬರೆಯಬಹುದು, ನಡೆಸಬಹುದು. ಹಾಕಿದ್ದು ನಾನೇ. ಫೋಟೊ ಏರ್ತಿಲ್ಲ ಅಂತ ಒಂದು ಸಂಜೆ ಅವಸರದಲ್ಲಿ ಹಾಕಿದ್ದೆ, ನಾಳೆ ಸರಿ ಮಾಡಿದರಾಯ್ತು ಅಂದುಕೊಂಡು ಮರೆತಿದ್ದೆ. ಕಳ್ಳ ಒಳಗೆ ಬಂದದ್ದು ಹಳೇ ಪ್ಲಗಿನ್‌ನ (ಸೈಟಿಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ತೂತಿನಿಂದ. ಆದರೆ ಬಂದವನು ಸಿಕ್ಕಸಿಕ್ಕಲ್ಲಿ ಬರೆಯೋಕೆ ಅನುಕೂಲ ಮಾಡಿಕೊಟ್ಟಿದ್ದು ಆ 777.

ಲೆಕ್ಕ ಸುಲಭ. ಓದೋಕೆ 4, ಬರೆಯೋಕೆ 2, ನಡೆಸೋಕೆ 1; ಮೂರೂ ಕೂಡಿದರೆ 7. ಮೊದಲ ಅಂಕಿ ಒಡೆಯನದು, ಎರಡನೇದು ಗುಂಪಿನದು, ಮೂರನೇದು ಉಳಿದವರೆಲ್ಲರದು. ಫೋಲ್ಡರ್‌ಗಾದರೆ ಆ 1 ಅಂದರೆ ಹೊಸ್ತಿಲು ದಾಟುವ ಹಕ್ಕು. ಇದು ಗೊತ್ತಿಲ್ಲದೆ ಒಮ್ಮೆ ಇಡೀ ಸೈಟಿಗೆ ಒಂದೇ ಏಟಿಗೆ 644 ಹಾಕಿ, ಎಲ್ಲಾ ಪುಟದಲ್ಲೂ 403, ಅಂದರೆ 'ಪ್ರವೇಶವಿಲ್ಲ' ಅನ್ನೋ ಎರರ್, ಬರಿಸಿಕೊಂಡವನು ನಾನು! ಫೈಂಡ್ ಕಮಾಂಡ್‌ನಿಂದ ಬೇರೆ ಮಾಡಿ ಫೋಲ್ಡರ್‌ಗೆ 755, ಫೈಲ್‌ಗೆ 644 ಕೊಡಬೇಕು. ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್‌ಗೆ 640 ಸಾಕು.

ನಮ್ಮ ಹುಡುಗರು ಇಷ್ಟಕ್ಕೇ ನಿಲ್ಲಿಸ್ತಾರೆ. ನನ್ನ ತಕರಾರು ಅಲ್ಲೇ. ಅಂಕಿ ಸರಿ ಇದ್ದು ಒಡೆಯನೇ ತಪ್ಪಾದರೆ ಏನು ಬಂತು? ಉಬುಂಟು ಸರ್ವರ್‌ನಲ್ಲಿ ಸೈಟಿನ ಪುಟ ಕಳಿಸೋ ಅಪಾಚೆ ಪ್ರೋಗ್ರಾಂ ಓಡುವುದು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಅನ್ನೋ ಯೂಸರ್ ಹೆಸರಲ್ಲಿ. ಅಪ್‌ಡೇಟ್ ಸಲೀಸಾಗಲಿ ಅಂತ ಇಡೀ ಸೈಟನ್ನೇ ಅವನ ಹೆಸರಿಗೆ ಬರೆದುಕೊಡ್ತಾರೆ. ಆಗ 755 ಇದ್ದರೂ ಮೊದಲ 7 ಅವನದೇ ಅಲ್ವಾ? ಪ್ಲಗಿನ್ ತೂತಿನಿಂದ ನುಗ್ಗಿದವನಿಗೆ ಸಿಗುವುದೂ ಸಾಮಾನ್ಯವಾಗಿ ಅದೇ ಹೆಸರು.

ಈಗ ಕೋಡ್ ಎಲ್ಲಾ ನನ್ನ ಲಾಗಿನ್ ಹೆಸರಲ್ಲಿದೆ. 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ'ನ ಗುಂಪಿಗೆ ಓದುವ ಹಕ್ಕಷ್ಟೇ. ಅಪ್‌ಲೋಡ್ಸ್ ಮಾತ್ರ ಅವನದು, ಅಲ್ಲೂ ಪಿಎಚ್‌ಪಿ ಓಡದಂತೆ ಅಪಾಚೆ ಕಾನ್ಫಿಗ್‌ನಲ್ಲೇ ತಡೆ ಹಾಕಿದ್ದೀನಿ. ಪ್ರತಿ ಅಪ್‌ಡೇಟ್‌ಗೂ ನಾನೇ ಲಾಗಿನ್ ಆಗಬೇಕು. ಕಿರಿಕಿರಿ ಜಾಸ್ತಿ, ಇರಲಿ.

ಸೈಟ್ ಪೂರ್ತಿ ಅಳಿಸಿ, ಹಳೇ ಬ್ಯಾಕಪ್‌ನಿಂದ ಮತ್ತೆ ಏರಿಸಿ, ಪ್ಲಗಿನ್ ಹೊಸದು ಹಾಕಿ, ಪಾಸ್‌ವರ್ಡ್ ಎಲ್ಲಾ ಬದಲಿಸಿದೆ. ತಪ್ಪು ನನ್ನದೇ ಅಂತ ಅಂಗಡಿಯವರಿಗೂ ಹೇಳಿದೆ.

"ಆತು ಬಿಡ್ರಿ. ಈಗ ಫೋಟೊ ಏರ್ತಾವಲ್ಲ?"

"ಏರ್ತಾವ್ರಿ" ಅಂದೆ.