31,500 ರೂಪಾಯಿಯ ಹಪ್ಪಳ

ಸಂಪಾಜೆ ಘಾಟಿ ಹತ್ತುವಾಗ ನನ್ನ ಹೆಂಡತಿಗೆ ಬೆಲ್ಲದ ಪಾಕದ ವಾಸನೆ ಬಂತು.

2024ರ ಆಗಸ್ಟ್. ನಾಗರ ಪಂಚಮಿಯ ನೂಕುನುಗ್ಗಲು ಮುಗಿಯಲಿ ಅಂತ ಕಾದು, ಕುಕ್ಕೆಗೆ ಹೋಗಿ ಮೈಸೂರಿಗೆ ವಾಪಸ್ ಬರುತ್ತಿದ್ದೆವು. ಮುಂದೆ ಒಂದು ಲಾರಿ ಫಸ್ಟ್ ಗೇರಿನಲ್ಲಿ ನರಳುತ್ತಾ ಹತ್ತುತ್ತಿತ್ತು. ಅದರ ಹಿಂದೆ ನಾವು. ನಮ್ಮ ಹಿಂದೆ ವಾರಾಂತ್ಯಕ್ಕೆ ಮಡಿಕೇರಿ ನೋಡಲು ಹೊರಟ ಅರ್ಧ ಕರ್ನಾಟಕ.

"ರೀ, ಯಾರೋ ಪಾಕ ಹಿಡೀತಿದ್ದಾರೆ ಅನ್ಸತ್ತೆ" ಅಂದಳು.

"ಜೋಡುಪಾಲದಲ್ಲಿ ಯಾರ ಮನೇಲೋ ಹಬ್ಬ ಇರ್ಬೇಕು" ಅಂದೆ. ಇಂಜಿನ್ನನ್ನು ತಣ್ಣಗಿಡುವ ನೀರು, ಅಂದರೆ ಕೂಲೆಂಟ್, ಕಾದು ಸೋರಿದರೆ ಸಿಹಿ ವಾಸನೆ ಬರುತ್ತದೆ ಅಂತ ಗೊತ್ತಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಕಾರು ಓಡಿಸಲು ಕಲಿಸಿದವರು ಕ್ಲಚ್ಚು, ಬ್ರೇಕು ಹೇಳಿಕೊಟ್ಟರು. ವಾಸನೆ ಹೇಳಿಕೊಡಲಿಲ್ಲ.

ಮದೆನಾಡು ಹತ್ತಿರ ಬರುವಷ್ಟರಲ್ಲಿ ಪಾಕ ಏರು ಪಾಕವಾಗಿತ್ತು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟಿ, ಇನ್ನು ಹೋಗಲು ಜಾಗವಿಲ್ಲದೆ ಸುಮ್ನೆ ನಿಂತಿತ್ತು. ಸುತ್ತ ಕೊಡಗಿನ ಮಂಜು, ಬಾನೆಟ್ ಮೇಲೆ ನಮ್ಮ ಸ್ವಂತ ಮಂಜು. ಟೀ ಅಂಗಡಿಯವರು ಓಡಿ ಬಂದು "ಮುಚ್ಚಳ ತೆಗೀಬೇಡಿ, ಮುಖಕ್ಕೆ ಹಾರತ್ತೆ" ಅಂತ ಕೂಗಿದ್ದರಿಂದ ಈ ಬರಹ ಬರೆಯಲು ಉಳಿದಿದ್ದೇನೆ.

ಟೋಯಿಂಗ್ ಗಾಡಿಯ ಬೆನ್ನೇರಿ ಕಾರು ಮೈಸೂರು ಸೇರಿತು. ಅದರಲ್ಲೇ 7,500 ಹೋಯಿತು. ಮಾರನೇ ದಿನ ಗ್ಯಾರೇಜಿನ ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದರು. "ನೋಡಿ ಸಾರ್, ಕಾಫಿ." ಕೊಡಗಿನಿಂದ ಬಂದಿದ್ದಕ್ಕೋ ಏನೋ, ಇಂಜಿನ್ ಆಯಿಲ್ ನಿಜವಾಗಲೂ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ತೆಳು ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿ ಆಯಿಲ್‌ಗೆ ನೀರು ಸೇರಿದೆ, ಹೆಡ್ ಇಳಿಸಬೇಕು ಅಂದರು. ಹೆಡ್ ಅಲ್ಯೂಮಿನಿಯಂದು. ಜಾಸ್ತಿ ಕಾದರೆ ಸೊಟ್ಟಗಾಗುತ್ತದೆ. ಲೇಥ್‌ಗೆ ಕಳಿಸಿ ಕೂದಲೆಳೆಯಷ್ಟು ಹೆರೆಸಿ ಮಟ್ಟ ಮಾಡಿಸಬೇಕು. ಮೇಸ್ತ್ರಿ ಇದನ್ನೆಲ್ಲ ಎಷ್ಟು ಚೆನ್ನಾಗಿ ವಿವರಿಸಿದರು ಅಂದರೆ, ನನಗೆ ಕಾರು ಕೆಟ್ಟಿದ್ದಕ್ಕಿಂತ ಪಾಠ ಕಲಿತ ಖುಷಿಯೇ ಹೆಚ್ಚಾಗಿತ್ತು. ಬಿಡಿಭಾಗ 17,000, ಲೇಬರ್ ಮತ್ತು ಲೇಥ್ ಸೇರಿ 14,500. ಒಟ್ಟು 31,500.

ಆಮೇಲೆ ಅವರು ತಗ್ಗಿದ ದನಿಯಲ್ಲಿ ಕೇಳಿದರು. "ಬಿಲ್ ಬೇಕಾ ಸಾರ್? ಬೇಕಂದ್ರೆ ಜಿಎಸ್‌ಟಿ ಹಾಕ್ಬೇಕಾಗತ್ತೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಗ ಬಿಡಿಭಾಗಕ್ಕೆ ಶೇ. 28, ಲೇಬರ್‌ಗೆ ಶೇ. 18. ಎರಡೂ ಸೇರಿ 7,370 ರೂಪಾಯಿ. ಅಂದರೆ ಹೆಚ್ಚುಕಡಿಮೆ ಟೋಯಿಂಗ್ ಖರ್ಚು. ಈಗ 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಕ್ಕೂ 18 ಆಗಿದೆ, ನಮ್ಮ ಕಾರು ಒಂದೂಕಾಲು ವರ್ಷ ತಡೆದು ಕುದ್ದಿದ್ದರೆ ಏನಾಗುತ್ತಿತ್ತು? ಸರ್ಕಾರದ ಪಾಲು ಸರ್ಕಾರಕ್ಕೆ ಸೇರಬೇಕು ಅಂತ ನಾನು ಕಟ್ಟೆ ಪಂಚಾಯ್ತಿಯಲ್ಲಿ ಭಾಷಣ ಮಾಡಿದವನೇ. ಆದರೆ ಆ ಹೊತ್ತಿಗೆ ಬಾಯಿಂದ ಬಂದಿದ್ದು "ಬಿಲ್ ಯಾಕೆ ಮೇಸ್ತ್ರಿ, ನಮ್ಮ ನಿಮ್ಮ ನಡುವೆ" ಅನ್ನುವ ಮಾತು. ಅವರು ಗ್ಯಾಸ್ಕೆಟ್ಟಿನ ಡಬ್ಬಿಯ ಮುಚ್ಚಳ ಹರಿದು "ಹೆಡ್ 31500 ಪೂರ್ತಿ" ಅಂತ ಬರೆದುಕೊಟ್ಟರು. ಆರು ತಿಂಗಳ ಗ್ಯಾರಂಟಿ ಬಾಯಲ್ಲಿ ಕೊಟ್ಟರು. ಫೋನ್‌ಪೇಗೆ ಅಂತ ಗೋಡೆಯ ಮೇಲಿನ ಕ್ಯೂಆರ್ ತೋರಿಸಿದರು. ದುಡ್ಡು ಹೋಯಿತು, ಟಿಂಗ್ ಅಂತ ಸದ್ದೂ ಆಯಿತು. ಯಾರ ಹೆಸರಿಗೆ ಹೋಯಿತು ಅಂತ ನಾನು ನೋಡಲಿಲ್ಲ.

ದಸರಾ ಬಂತು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತುವುದನ್ನು ಬೆಂಗಳೂರಿನಿಂದ ಬಂದ ನಾದಿನಿಯ ಮಕ್ಕಳಿಗೆ ತೋರಿಸಬೇಕಿತ್ತು. ಮೈಸೂರಿನವರಾದ ನಾವು ದಸರಾ ಹತ್ತು ದಿನ ಪೇಟೆ ಕಡೆ ಕಾರು ತೆಗೆಯುವುದಿಲ್ಲ. ನೆಂಟರು ಬಂದಾಗ ಮಾತ್ರ ಬುದ್ಧಿ ಕೈಕೊಡುತ್ತದೆ. ಹಾರ್ಡಿಂಜ್ ಸರ್ಕಲ್ ಹತ್ತಿರ ಅರ್ಧ ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎಸಿ ಬೇರೆ ಬಿಸಿ ಗಾಳಿ ಬಿಡುತ್ತಿತ್ತು. ಮಕ್ಕಳು ಕಿಟಕಿಯಿಂದ ತಲೆ ಹೊರಗೆ ಹಾಕಿ ದೀಪ ಎಣಿಸುತ್ತಿದ್ದರು. ಹೆಂಡತಿ ಮಾತ್ರ ಇದ್ದಕ್ಕಿದ್ದಂತೆ ಮೂಗು ಅರಳಿಸಿದಳು.

"ರೀ... ಪಾಕ."

ಅಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತ್ತು. ಮಕ್ಕಳು ಅದನ್ನೂ ದಸರಾ ಕಾರ್ಯಕ್ರಮ ಅಂದುಕೊಂಡು ಚಪ್ಪಾಳೆ ತಟ್ಟಿದರು. ಇಬ್ಬರು ಪೊಲೀಸರು ಮತ್ತು ಒಬ್ಬ ಬಲೂನು ಮಾರುವವನು ಸೇರಿ ಕಾರನ್ನು ರಸ್ತೆ ಪಕ್ಕಕ್ಕೆ ತಳ್ಳಿದರು.

ಮರುದಿನ ಗ್ಯಾರೇಜಿಗೆ ಹೋದಾಗ ಕೋಪವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದೆ. ಡಬ್ಬಿ ಮುಚ್ಚಳವನ್ನೂ ಜೇಬಿನಲ್ಲಿಟ್ಟುಕೊಂಡಿದ್ದೆ. ಮೇಸ್ತ್ರಿ ಕಡ್ಡಿ ಎಳೆದರು. ಮತ್ತೆ ಕಾಫಿ.

"ನೋಡಿ, ನೀವು ಹಾಕಿದ ಗ್ಯಾಸ್ಕೆಟ್ ಎರಡು ತಿಂಗಳೂ ಬಾಳಲಿಲ್ಲ" ಅಂದೆ.

"ಗ್ಯಾಸ್ಕೆಟ್ ಒರಿಜಿನಲ್ಲು ಸಾರ್. ಅದರದ್ದೇನೂ ತಪ್ಪಿಲ್ಲ. ಅದು ಹೋಗಿರೋದು ಹೀಟಾಗಿ."

"ಹೀಟ್ ಯಾಕಾಯ್ತು?"

"ರೇಡಿಯೇಟರ್ ಫ್ಯಾನ್ ತಿರುಗ್ತಾ ಇಲ್ಲ. ಅದಕ್ಕೆ ಕರೆಂಟ್ ಬಿಡೋ ಸ್ವಿಚ್ಚು, ರಿಲೇ, ಹೋಗಿದೆ."

"ಹಾಗಾದ್ರೆ ಘಾಟಿಯಲ್ಲೂ ಅದೇ ಆಗಿದ್ದು ಅಲ್ವಾ?"

ಮೇಸ್ತ್ರಿ ಒಂದು ಗಳಿಗೆ ಆಕಾಶ ನೋಡಿದರು. "ಆಗಿರಬಹುದು. ಆದ್ರೆ ಸಾರ್, ನೀವು ಫ್ಯಾನ್ ವಿಷಯ ಹೇಳಲೇ ಇಲ್ಲ. ಗ್ಯಾಸ್ಕೆಟ್ ಹಾಕಿ ಅಂದ್ರಿ, ಹಾಕಿದ್ವಿ."

ನಾನು ಗ್ಯಾಸ್ಕೆಟ್ ಹಾಕಿ ಅಂದೆನೇ? ಆ ಪದವನ್ನು ನನಗೆ ಹೇಳಿಕೊಟ್ಟವರೇ ಅವರು! ಹೊಟ್ಟೆನೋವು ಅಂತ ಹೋದವನಿಗೆ ಆಪರೇಷನ್ ಮಾಡಿ, ಮತ್ತೆ ನೋವು ಬಂದಾಗ "ನೀವೇ ಕುಯ್ಯಿ ಅಂದ್ರಿ" ಅನ್ನುವ ಹಾಗಾಯಿತು. ಆದರೆ ಅವರೂ ಬಿಡುವವರಲ್ಲ. "ಸಿಗ್ನಲ್ಲಲ್ಲಿ ನಿಂತಾಗ ಎಸಿ ತಣ್ಣಗೆ ಬರ್ತಿತ್ತಾ? ಇಲ್ಲ ತಾನೇ? ಅದೂ ಫ್ಯಾನಿಂದೇ. ನೀವು ಹೇಳ್ಬೇಕಿತ್ತು. ಮುಳ್ಳು ಮೇಲೆ ಹೋಗಿದ್ದೂ ನೋಡಿಲ್ಲ, ಓಡಿಸ್ತಾನೇ ಇದ್ರಿ." ಇದು ಸ್ವಲ್ಪ ನಾಟಿತು. ಕಾರು ಓಡುತ್ತಿದ್ದರೆ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ನಿಂತರೆ, ತೆವಳಿದರೆ, ಫ್ಯಾನೇ ಗತಿ. ನನ್ನ ಕಾರು ಎರಡು ಸಲವೂ ತೆವಳುವಾಗಲೇ ಕುದ್ದಿತ್ತು. ಎಸಿ ಕಂಪನಿಯವರನ್ನು ಬೈದುಕೊಂಡು ನಾನು ಎರಡು ತಿಂಗಳು ಕಳೆದಿದ್ದೆ.

ಅಷ್ಟು ಹೊತ್ತಿಗೆ ಸುತ್ತ ನ್ಯಾಯಪೀಠ ಕೂಡಿತ್ತು. ಸ್ಕೂಟರ್ ರಿಪೇರಿಗೆ ಬಂದಿದ್ದ ಮೇಷ್ಟ್ರು ನನ್ನ ಪರ. ಟೀ ತಂದ ಹುಡುಗ ಮೇಸ್ತ್ರಿಯ ಪರ, ಅವನ ಬಾಕಿ ಅಲ್ಲಿತ್ತು. ಟೆಂಪೋ ಡ್ರೈವರ್ ಒಬ್ಬರು "ಈ ಗಾಡಿ ಇಂಜಿನ್ನೇ ಹೀಗೆ, ಮಾರಿಬಿಡಿ" ಅಂತ ತೀರ್ಪು ಕೊಟ್ಟು ಹೊರಟೇಬಿಟ್ಟರು.

ಆ ರಾತ್ರಿ ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ ಹತ್ತಿರ ಹೇಳಿಕೊಂಡೆ. ಅವರು ಕನ್ನಡಕ ಏರಿಸಿ ಲವಲವಿಕೆಯಿಂದ ಎದ್ದು ಕೂತರು. ಬೇರೆಯವರ ಜಗಳ ಅವರಿಗೆ ಬಿಪಿ ಮಾತ್ರೆಗಿಂತ ಚೆನ್ನಾಗಿ ಹಿಡಿಸುತ್ತದೆ. "ಮೂಲ ಕಾರಣ ಪತ್ತೆ ಮಾಡದೆ ರಿಪೇರಿ ಮಾಡಿದ್ದು ಸೇವಾ ನ್ಯೂನತೆ ಕಣ್ರೀ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಿ. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷ ಟೈಮಿದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಎಲ್ಲಿ, ಬಿಲ್ ತೋರಿಸಿ."

ಡಬ್ಬಿ ಮುಚ್ಚಳ ಕೊಟ್ಟೆ.

ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಗಡಿ ಹೆಸರಿಲ್ಲ, ತಾರೀಖಿಲ್ಲ, ಕಾರಿನ ನಂಬರಿಲ್ಲ. "ಹೋಗ್ಲಿ, ಫೋನ್‌ಪೇ ಮಾಡಿದೀರಲ್ಲ, ಅದೂ ಸಾಕ್ಷಿನೇ. ತೆಗೀರಿ." ತೆಗೆದೆ. 31,500 ರೂಪಾಯಿ. ಪಡೆದವರು, ಒಂದು ಹಪ್ಪಳ ಸಂಡಿಗೆ ಗೃಹೋದ್ಯಮ. ಮೇಸ್ತ್ರಿಯ ಹೆಂಡತಿ ನಡೆಸುವುದಂತೆ.

ಮ್ಯಾನೇಜರು ತುಂಬಾ ಹೊತ್ತು ಸುಮ್ಮನಿದ್ದರು. "ದಾಖಲೆ ಪ್ರಕಾರ," ಅಂದರು ಕೊನೆಗೆ, "ನೀವು ಮೂವತ್ತೊಂದೂವರೆ ಸಾವಿರಕ್ಕೆ ಹಪ್ಪಳ ತಗೊಂಡಿದೀರಿ. ಅದು ಕರುಮ್ ಅಂತಿಲ್ಲ ಅಂದ್ರೆ ಬೇಕಾದ್ರೆ ದೂರು ಕೊಡಬಹುದು."

ಹೆಂಡತಿ ಒಳಗಿನಿಂದ ನಕ್ಕಿದ್ದು ಎರಡು ಮನೆ ಆಚೆಗೂ ಕೇಳಿರಬೇಕು.

ಹಾಗಾಗಿ ಮರುದಿನ ಕಾಯ್ದೆ ಬಿಟ್ಟು ಕಾಫಿ ಹಿಡಿದೆ. ಈ ಸಲ ನಿಜವಾದ ಕಾಫಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಮೇಸ್ತ್ರಿಯನ್ನು ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಮನೇಲಿ ಸೂರು ಸೋರಿದ್ರೆ ನೆಲಕ್ಕೆ ಗಾರೆ ಹಾಕಿಸ್ತೀರಾ?" ಮೇಸ್ತ್ರಿ ತಲೆ ಕೆರೆದುಕೊಂಡರು. ನಾನು ಹಿಂದಿನ ದಿನ ಕೂಗಾಡಿ ಸಾಧಿಸದೇ ಇದ್ದುದು ಹತ್ತು ನಿಮಿಷದಲ್ಲಿ ಮುಗಿಯಿತು. ಗ್ಯಾಸ್ಕೆಟ್ ಮತ್ತು ಲೇಬರ್ ಅವರದು. ಆಯಿಲ್, ಕೂಲೆಂಟ್ ನನ್ನದು. ಲೇಥ್ ಖರ್ಚು ಅರ್ಧರ್ಧ. ರಿಲೇ ನನ್ನದು. ನನ್ನ ಪಾಲಿಗೆ 5,450 ಬಂತು. ಅದರಲ್ಲಿ ಎಲ್ಲಕ್ಕೂ ಮೂಲವಾದ ರಿಲೇಯ ಬೆಲೆ 350 ರೂಪಾಯಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಹಳೆಯದನ್ನು ಕೇಳಿ ತಂದು ಶೋಕೇಸಿನಲ್ಲಿ ದಸರಾ ಗೊಂಬೆಗಳ ಪಕ್ಕ ಇಟ್ಟಿದ್ದೇನೆ.

ಕಾರು ತರಲು ಹೋದ ದಿನ ನಾನೇ ಮೊದಲು ಬಾಯಿ ತೆರೆದೆ. "ಮೇಸ್ತ್ರಿ, ಈ ಸಲ ಬಿಲ್ ಬೇಕು. ಜಿಎಸ್‌ಟಿ ಹಾಕಿ."

"ಬಿಲ್ ಬುಕ್ ಅಳಿಯ ತಗೊಂಡು ಹೋಗಿದ್ದಾನೆ ಸಾರ್, ಸಂಜೆ ವಾಟ್ಸಾಪ್ ಮಾಡ್ತೀನಿ" ಅಂದರು. ಆ ಸಂಜೆ ಇನ್ನೂ ಬಂದಿಲ್ಲ. ಆದರೆ ಹೊರಡುವಾಗ ಅವರ ಹೆಂಡತಿ ಒಳಗಿನಿಂದ ಬಂದು, ಬೇಜಾರು ಮಾಡ್ಕೋಬೇಡಿ ಅಂತ ನನ್ನವಳ ಕೈಗೆ ಒಂದು ಕಟ್ಟು ಅಕ್ಕಿ ಹಪ್ಪಳ ಇಟ್ಟರು. ಸುಮ್ನೆ ತಗೊಳ್ಳೋದು ಹೇಗೆ ಅಂತ ಇವಳು ದುಡ್ಡು ಕೊಟ್ಟೇ ಇನ್ನೂ ಎರಡು ಕಟ್ಟು ಹಪ್ಪಳ ಕೊಂಡಳು.

ಆ ಎರಡು ಕಟ್ಟಿಗೆ ಅಚ್ಚುಕಟ್ಟಾಗಿ ಪ್ರಿಂಟಾದ ಬಿಲ್ ಬಂತು. ತಾರೀಖು, ವಿಳಾಸ, ಸಹಿ, ಸೀಲು ಎಲ್ಲ ಇತ್ತು. ನಾನು ಅದನ್ನೇ ದಿಟ್ಟಿಸಿ ನೋಡುತ್ತಿದ್ದುದನ್ನು ಕಂಡು ಆಕೆ ನಕ್ಕರು. "ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ಸಾರ್. ಬಿಲ್ ಕೊಡೋಕೆ ನಮಗೇನು ಕಷ್ಟ?"