ಕೋಟೆಗೂ ಮೊದಲು ಮಂಡಕ್ಕಿ ಭಟ್ಟಿ

ಬೆಂಗಳೂರಿನಿಂದ ಮೂವರು ಗೆಳೆಯರು ಕಾರು ತಗೊಂಡು ಬಂದಿದ್ದರು. ದಾವಣಗೆರೆಯವನು ನಾನೊಬ್ಬನೇ. ಊರು ತೋರಿಸುವ ಕೆಲಸ ನನ್ನ ತಲೆಗೆ ಬಂತು. ಗಾಜಿನ ಮನೆ, ಕುಂದವಾಡ ಕೆರೆ ಅಂತ ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ. "ನಾಳೆ ಐದಕ್ಕೆ ಏಳ್ರಿ, ಮಂಡಕ್ಕಿ ಭಟ್ಟಿಗೆ ಹೋಗೋಣ" ಅಂದೆ. ಬೈದರು. ಆದರೂ ಎದ್ದರು.

ನಮ್ಮೂರಲ್ಲಿ ಮಂಡಕ್ಕಿ ತಿನ್ನದವರಿಲ್ಲ. ಭಟ್ಟಿ ಒಳಗೆ ಕಾಲಿಟ್ಟವರು ಮಾತ್ರ ಕಡಿಮೆ. ನಾನೂ ಹೋಗಿದ್ದು ಅದು ಎರಡನೇ ಸಲ, ಸುಳ್ಳು ಯಾಕೆ ಹೇಳಲಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಮತ್ತೆ ಒಣಗಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಅಕ್ಕಿಯೊಳಗೆ ಉಳಿದಿರುವ ಚೂರು ತೇವ ಒಮ್ಮೆಲೇ ಆವಿಯಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಡಾಯಿ ತುಂಬಾ ಬಿಳಿ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಲೆಗೆ ಹಾಕುವುದು ಭತ್ತದ ಹೊಟ್ಟನ್ನೇ.

ನಮ್ಮ ಫೋಟೋ ಗೆಳೆಯ ಕಡಾಯಿ ಹತ್ತಿರ ಬಗ್ಗಿದ. "ದೂರ ನಿಂದ್ರಿ ಅಣ್ಣಾ, ಮರಳು ಸಿಡೀತೈತಿ" ಅಂದರು ಅಲ್ಲಿದ್ದ ಅಜ್ಜ. ಹತ್ತು ನಿಮಿಷಕ್ಕೆ ನಮ್ಮ ಅಂಗಿ ಬೆನ್ನಿಗೆ ಅಂಟಿತ್ತು. ಅವರು ಅಲ್ಲೇ ದಿನ ಕಳೆಯುತ್ತಾರೆ. ಧೂಳು, ಹೊಗೆ, ಮೈ ಸುಡುವ ಕಾವು. ಇದನ್ನು "ಎಷ್ಟು ಚಂದ" ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಚಂದ ಇರುವುದು ಆ ಅಜ್ಜನ ಕೈಯಲ್ಲಿ. ಮರಳು ಹದವಾಗಿದೆಯಾ ಅಂತ ನೋಡೋಕೆ ಅವರು ನಾಲ್ಕು ಕಾಳು ಹಾಕುತ್ತಾರೆ, ಅಷ್ಟೆ. ಥರ್ಮಾಮೀಟರೂ ಇಲ್ಲ, ಮತ್ತೊಂದೂ ಇಲ್ಲ.

ಹೊರಡುವಾಗ ಒಂದು ಚೀಲ ಬಿಸಿ ಮಂಡಕ್ಕಿ ಕೊಟ್ಟರು. ದುಡ್ಡು ಕೊಡೋಕೆ ಹೋದರೆ ಬೇಜಾರು ಮಾಡಿಕೊಂಡರು.

ಆಮೇಲೆ ಬೆಣ್ಣೆ ದೋಸೆ. ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಈಗಾಗಲೇ ಎಲ್ಲರೂ ಬರೆದಾಗಿದೆ. ದೋಸೆ ಹಿಟ್ಟಿಗೆ ಮಂಡಕ್ಕಿಯನ್ನೂ ಹಾಕಿ ರುಬ್ಬುತ್ತಾರೆ ಅಂತ ಹೇಳಿದಾಗ ಮಾತ್ರ ಮೂವರೂ ತಟ್ಟೆಯಿಂದ ತಲೆ ಎತ್ತಿದರು.

ಊರ ಹೊರಗೆ ಒಂದು ದೊಡ್ಡ ಫ್ಯಾಕ್ಟರಿ ನೋಡುವ ಆಸೆಯೂ ಇತ್ತು. ಯಾವುದು ಅಂತ ಬೇಡ. ವಾರದ ಮೊದಲೇ ಮೇಲ್ ಹಾಕಿದ್ದೆ. ಗೇಟಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಧಾರ್ ಕಾರ್ಡ್ ಬರೆಸಿಕೊಂಡು, ಆಮೇಲೆ "ಪರ್ಮಿಷನ್ ಇಲ್ಲ" ಅಂದರು. ಸೆಕ್ಯುರಿಟಿಯವರ ತಪ್ಪಲ್ಲ ಬಿಡಿ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಮಿಲ್ಲುಗಳು ಮುಚ್ಚಿದವು. ಒಳಗೆ ಕೆಲಸ ಹೇಗೆ ನಡೀತಿತ್ತು ಅಂತ ನನ್ನ ವಯಸ್ಸಿನವರು ಕಂಡೇ ಇಲ್ಲ. ನಡೆಯುವಾಗ ಬಾಗಿಲು ಹಾಕ್ತಾರೆ, ನಿಂತ ಮೇಲೆ ನೋಡೋಕೆ ಏನೂ ಉಳಿಯಲ್ಲ. ನನ್ನ ತಕರಾರು ಅದೇ.

ಅಲ್ಲಿಂದ ಸೀದಾ ಚಳ್ಳಕೆರೆ. ಶೇಂಗಾ ಎಣ್ಣೆ ಊರು. ವಿದೇಶದ ಪಾಮ್ ಎಣ್ಣೆ ಅಗ್ಗಕ್ಕೆ ಬಂದ ಮೇಲೆ, ಮೇಲಿಂದ ಮೇಲೆ ಬರ ಬಿದ್ದ ಮೇಲೆ, ಅಲ್ಲೂ ಎಷ್ಟೋ ಮಿಲ್ಲುಗಳು ನಿಂತವು. ಗೆಳೆಯನೊಬ್ಬನ ಪರಿಚಯದವರ ಸಣ್ಣ ಮಿಲ್ಲು ಓಡುತ್ತಿತ್ತು. ಕಾಯಿ ಸುಲಿದು, ಬೀಜ ಬಿಸಿ ಮಾಡಿ, ಯಂತ್ರದಲ್ಲಿ ಹಿಂಡುತ್ತಾರೆ. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಚಕ್ಕೆ ಚಕ್ಕೆಯಾಗಿ ಹಿಂಡಿ. ದನಕ್ಕೆ ಹಾಕುವ ಹಿಂಡಿಯನ್ನು ನಮ್ಮವನೊಬ್ಬ ಬಿಸ್ಕತ್ತಿನ ಹಾಗೆ ಕಡಿದ. ಚೆನ್ನಾಗಿದೆ ಅಂತಲೂ ಅಂದ. ಐದು ಲೀಟರ್ ಎಣ್ಣೆ ತಗೊಂಡೆವು.

ಚಿತ್ರದುರ್ಗ ತಲುಪಿದಾಗ ಮೂರೂವರೆ. ಬಂಡೆಗಳು ಇನ್ನೂ ಕಾದಿದ್ದವು.

ಏಳು ಸುತ್ತಿನ ಕೋಟೆಯನ್ನು ನಾನು ಐದಾರು ಸಲ ಹತ್ತಿದ್ದೇನೆ. ಪ್ರತಿ ಸಲವೂ ಒನಕೆ ಓಬವ್ವನ ಕಿಂಡಿ, ಒಂದು ಫೋಟೋ, ಇಳಿಯೋದು. ಈ ಸಲ ಬೆಳಿಗ್ಗೆಯಿಂದ ಭಟ್ಟಿ, ಮಿಲ್ಲು ನೋಡಿದ ಕಣ್ಣಿಗೆ ಕೋಟೆಯೇ ಬೇರೆ ಥರ ಕಂಡಿತು. ಎಣ್ಣೆ ಕೊಳದ ಹತ್ತಿರ ಬಂದಾಗ "ಇಷ್ಟು ಎಣ್ಣೆ ಎಲ್ಲಿ ಹಿಂಡ್ತಿದ್ರು?" ಅಂದ ಹಿಂಡಿ ತಿಂದವನು. ಸರಿಯಾದ ಪ್ರಶ್ನೆ ಅಲ್ವಾ? ಮುಂದೆ ಸಿಡಿಮದ್ದು ಬೀಸುವ ಕಲ್ಲುಗಳು. ಗುಂಡಿಯೊಳಗೆ ನಾಲ್ಕು ದೈತ್ಯ ಕಲ್ಲು, ಹಲ್ಲು ಕಡೆದದ್ದು. ಮೇಲೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಹೈದರಾಲಿ 1779ರಲ್ಲಿ ಗೆದ್ದಿದ್ದು ಬರೀ ಗೋಡೆಯನ್ನಲ್ಲ. ಮದ್ದು, ನಾಣ್ಯ, ನೀರು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದ ಒಂದು ಊರನ್ನು.

ಗೈಡ್ ಓಬವ್ವನ ಕಥೆಯನ್ನು ಚೆನ್ನಾಗಿ ಹೇಳಿದರು, ನಮ್ಮ ಮೈ ಜುಮ್ಮೆಂದಿತು. ಬೀಸುವ ಕಲ್ಲಿಗೆ ಮಾತ್ರ ಒಂದೇ ಸಾಲು: "ಆನೆ ಕಟ್ಟಿ ತಿರುಗಿಸ್ತಿದ್ರು ಸಾರ್." ಮದ್ದು ಅರೆಯುವಾಗ ಕಿಡಿ ಹಾರಿದರೆ ಏನು ಗತಿ, ಅಲ್ಲಿ ದುಡಿದವರು ಯಾರು, ಕೇಳಬೇಕು ಅನ್ನುವಷ್ಟರಲ್ಲಿ ಅವರು ಮುಂದಿನ ಬಾಗಿಲಿಗೆ ಹೋಗಿದ್ದರು. ಓಬವ್ವನ ಕೈಯಲ್ಲಿದ್ದದ್ದೂ ಒನಕೆ ಅಲ್ವಾ, ದಿನಾ ಭತ್ತ ಕುಟ್ಟುವ ಒನಕೆ. ಕತ್ತಿಯಲ್ಲ.

ರಾತ್ರಿ ನಮ್ಮ ಮನೆಯಲ್ಲಿ ಭಟ್ಟಿಯ ಮಂಡಕ್ಕಿಗೆ ಚಳ್ಳಕೆರೆ ಎಣ್ಣೆಯ ಒಗ್ಗರಣೆ ಹಾಕಿದೆವು. ಮಿರ್ಚಿ ನನ್ನ ಹೆಂಡತಿ ಕರಿದಳು, ಈರುಳ್ಳಿ ಹೆಚ್ಚಿ ಅತ್ತವನು ನಾನು. ಫ್ಯಾಕ್ಟರಿಯವರ ಮೇಲ್ ಇವತ್ತಿನವರೆಗೂ ಬಂದಿಲ್ಲ. ಭಟ್ಟಿಯ ಅಜ್ಜ ಮಾತ್ರ, "ಮುಂದಿನ ಸಲ ಹುಡುಗ್ರನ್ನ ಕರ್ಕೊಂಡ್ ಬರ್ರಿ" ಅಂದಿದ್ದಾರೆ.